ಹೃದಯದ ಕವಾಟ, ಪೇಸ್‌ಮೇಕರ್, ಐಸಿಡಿ: ದೀರ್ಘಾವಧಿಯ ತೊಡಕುಗಳನ್ನು ತೂಗಿ ಆಯ್ದುಕೊಳ್ಳುವುದು ಹೇಗೆ?

ಹೃದಯದ ಕವಾಟ ಬದಲಾಯಿಸಬೇಕು ಅಥವಾ ಬಡಿತವನ್ನು ಹದದಲ್ಲಿಡುವ ಪೇಸ್‌ಮೇಕರ್ ಅಳವಡಿಸಬೇಕು ಎಂಬ ಮಾತನ್ನು ಅರಗಿಸಿಕೊಳ್ಳುವಷ್ಟರಲ್ಲೇ ರೋಗಿಯ ಮುಂದೆ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಸಾಧನಗಳಲ್ಲಿ ಎರಡು ಮೂರು ಬಗೆಗಳಿವೆ, ಯಾವುದು ಬೇಕೆಂದು ಯೋಚಿಸಿ ತಿಳಿಸಿ ಎಂದು ವೈದ್ಯರು ಹೇಳುತ್ತಾರೆ. ಯೋಚಿಸಲು ಸಿಗುವ ಸಮಯ ಕೆಲವೊಮ್ಮೆ ಒಂದೆರಡು ವಾರ, ಕೆಲವೊಮ್ಮೆ ಒಂದೇ ರಾತ್ರಿ. ಆ ಹೊತ್ತಿನಲ್ಲಿ ಮನೆಯವರು ಕಲೆಹಾಕುವ ಮಾಹಿತಿಯ ಬಹುಭಾಗ ಶಸ್ತ್ರಚಿಕಿತ್ಸೆಯ ದಿನದ ಅಪಾಯ, ಆಸ್ಪತ್ರೆಯಲ್ಲಿ ಕಳೆಯಬೇಕಾದ ದಿನಗಳು, ಗಾಯದ ಗುರುತಿನ ಉದ್ದ ಇವುಗಳ ಸುತ್ತಲೇ ಇರುತ್ತದೆ. ಅಳವಡಿಸಿದ ಸಾಧನ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ನಂತರ ಯಾವ ಬಗೆಯ ತೊಂದರೆ ಕೊಡಬಹುದು, ಆಗ ಮಾಡಬಹುದಾದದ್ದೇನು ಎಂಬುದು ಮಾತಿಗೆ ಬರುವುದು ಕಡಿಮೆ. ಆಯ್ಕೆಯನ್ನು ಮುಖ್ಯವಾಗಿ ನಿರ್ಧರಿಸಬೇಕಾದದ್ದು ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಇಂದು ಬಳಕೆಯಲ್ಲಿರುವ ಸಾಧನಗಳು ಬಹುಪಾಲು ರೋಗಿಗಳಲ್ಲಿ ಮೊದಲ ವರ್ಷ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಅವುಗಳ ನಡುವಿನ ಅಂತರ ಎದ್ದು ಕಾಣುವುದು ಕಾಲ ಕಳೆದಂತೆ.

ತೊಡಕೇ ಇಲ್ಲದ ಸಾಧನವನ್ನು ಯಾರೂ ಇನ್ನೂ ತಯಾರಿಸಿಲ್ಲ. ಹಾಗಾಗಿ ‘ಇವುಗಳಲ್ಲಿ ಒಳ್ಳೆಯದು ಯಾವುದು’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಯಾವ ತೊಡಕಿನೊಂದಿಗೆ ನಾನು ಬಾಳಬಲ್ಲೆ, ಯಾವುದನ್ನು ಮುಂದೆ ಸರಿಪಡಿಸಿಕೊಳ್ಳಬಲ್ಲೆ, ಯಾವುದು ನನ್ನ ಪಾಲಿಗೆ ಬರಲೇಬಾರದು ಎಂದು ಕೇಳಿಕೊಂಡವರಿಗೆ ಉತ್ತರ ಸಿಗುತ್ತದೆ. ಮುಂದೆ ಹೇಳುವುದು ಚಿಕಿತ್ಸೆ ನೀಡುವ ವೈದ್ಯರ ಸಲಹೆಯ ಜಾಗವನ್ನು ತುಂಬಲಾರದು. ಅವರೊಡನೆ ಕುಳಿತು ಮಾತನಾಡುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ ಎಂದಷ್ಟೇ ಅದನ್ನು ಓದಬೇಕು.

ಮೊದಲು ಅಳತೆಗೋಲುಗಳು

ಮೊದಲನೆಯದಾಗಿ, ತೊಡಕು ಬರುವ ರೀತಿಯನ್ನು ನೋಡಬೇಕು. ಕೆಲವು ತೊಡಕುಗಳು ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟು ಬರುತ್ತವೆ, ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಮೊದಲೇ ಕಾಣಿಸಿಕೊಳ್ಳುತ್ತವೆ. ಇನ್ನು ಕೆಲವು ಒಂದೇ ಕ್ಷಣದಲ್ಲಿ ಪಾರ್ಶ್ವವಾಯುವಾಗಿ ಅಥವಾ ಮೆದುಳಿನ ರಕ್ತಸ್ರಾವವಾಗಿ ಎರಗುತ್ತವೆ. ಎರಡರ ಸಂಭವ ಒಂದೇ ಆಗಿದ್ದರೂ ಅವುಗಳ ಭಾರ ಒಂದೇ ಅಲ್ಲ.

ಎರಡನೆಯದು, ಸರಿಪಡಿಸುವ ದಾರಿ. ಮತ್ತೆ ಎದೆ ತೆರೆಯಬೇಕೇ, ತೊಡೆಯ ರಕ್ತನಾಳದ ಮೂಲಕ ಸರಿಪಡಿಸಬಹುದೇ, ಚರ್ಮದಡಿಯ ಸಣ್ಣ ಶಸ್ತ್ರಚಿಕಿತ್ಸೆ ಸಾಕೇ, ಅಥವಾ ಸರಿಪಡಿಸಲಾಗದ ಹಾನಿಯೇ? ಮೂರನೆಯದು ದಿನನಿತ್ಯದ ಹೊರೆ, ಅಂದರೆ ಔಷಧಿ, ರಕ್ತಪರೀಕ್ಷೆ, ನಿರ್ಬಂಧಗಳು, ಮನಸ್ಸಿನ ಮೇಲಿನ ಒತ್ತಡ.

ನಾಲ್ಕನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಸಾಧನ ಒಮ್ಮೆ ಅಳವಡಿಸಿದರೆ ಮುಗಿಯುವುದಿಲ್ಲ. ದೇಹದೊಳಗೆ ಪೂರ್ಣವಾಗಿ ಅಳವಡಿಸಿದ ಮೊದಲ ಪೇಸ್‌ಮೇಕರ್ ಅನ್ನು 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಅರ್ನೆ ಲಾರ್ಸನ್ ಎಂಬ ರೋಗಿಗೆ ಅಳವಡಿಸಿದರು. ಅದನ್ನು ರೂಪಿಸಿದವರು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ಆ ಮೊದಲ ಯಂತ್ರ ಕೆಲಸ ಮಾಡಿದ್ದು ಕೆಲವೇ ಗಂಟೆ. ಲಾರ್ಸನ್ 2001ರವರೆಗೆ, 86ನೆಯ ವಯಸ್ಸಿನವರೆಗೆ ಬದುಕಿದರು, ಹೃದಯಕ್ಕೆ ಸಂಬಂಧವಿಲ್ಲದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಷ್ಟರಲ್ಲಿ ಅವರ ದೇಹ 26 ಪೇಸ್‌ಮೇಕರ್‌ಗಳನ್ನು ಕಂಡಿತ್ತು. ಇಂದಿನ ಸಾಧನಗಳು ಹೋಲಿಸಲಾಗದಷ್ಟು ಸುಧಾರಿಸಿವೆ, ಆದರೂ ಚಿಕ್ಕ ವಯಸ್ಸಿನವರು ಇಂದಿನ ಒಂದು ಸಾಧನವನ್ನು ಆರಿಸಿಕೊಂಡಾಗ ಮುಂದಿನ ನಾಲ್ಕಾರು ದಶಕಗಳ ಸಾಧನಗಳ ಸರಣಿಯನ್ನೇ ಆರಂಭಿಸುತ್ತಿರುತ್ತಾರೆ. ಆದ್ದರಿಂದ ಐದನೆಯ ಅಳತೆಗೋಲು ಇದಕ್ಕೇ ಅಂಟಿಕೊಂಡಿದೆ: ಇಂದಿನ ಆಯ್ಕೆ ನಾಳಿನ ಯಾವ ದಾರಿಯನ್ನು ಮುಚ್ಚಿಬಿಡುತ್ತದೆ?

ವೆಚ್ಚವನ್ನೂ ಈ ಸರಣಿಯ ದೃಷ್ಟಿಯಿಂದಲೇ ನೋಡಬೇಕು. ಸಾಧನದ ಬೆಲೆ ಒಂದು ಭಾಗ ಮಾತ್ರ. ಜೀವನಪೂರ್ತಿ ಮಾಡಿಸಬೇಕಾದ ರಕ್ತಪರೀಕ್ಷೆ, ಬ್ಯಾಟರಿ ಮುಗಿದಾಗಿನ ಬದಲಾವಣೆ, ಮತ್ತೊಂದು ಶಸ್ತ್ರಚಿಕಿತ್ಸೆಯ ಸಾಧ್ಯತೆ ಇವೆಲ್ಲ ಸೇರಿದಾಗ ಮೊದಲು ಅಗ್ಗವೆನಿಸಿದ್ದು ದುಬಾರಿಯಾಗಬಹುದು.

ಯಾಂತ್ರಿಕ ಕವಾಟ: ಬಾಳಿಕೆ ಇದೆ, ಜೊತೆಗೆ ವಾರ್ಫರಿನ್ ಇದೆ

ಇಂದಿನ ಯಾಂತ್ರಿಕ ಕವಾಟದಲ್ಲಿ ತೆರೆದು ಮುಚ್ಚುವ ಎಲೆಗಳನ್ನು ಪೈರೊಲಿಟಿಕ್ ಕಾರ್ಬನ್ ಎಂಬ ಗಟ್ಟಿ ವಸ್ತುವಿನಿಂದ ಮಾಡಿರುತ್ತಾರೆ. ಅವು ಸವೆದು ಹಾಳಾಗುವುದು ಬಹಳ ಅಪರೂಪ. ದಶಕಗಳ ಕಾಲ ಬಾಳುತ್ತವೆ. ತೊಂದರೆ ಇರುವುದು ಕವಾಟಕ್ಕೂ ರಕ್ತಕ್ಕೂ ನಡುವಿನ ಸಂಬಂಧದಲ್ಲಿ. ಆ ಮೇಲ್ಮೈ ಮೇಲೆ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಎಂದೂ ಹೋಗುವುದಿಲ್ಲ, ಹಾಗಾಗಿ ರಕ್ತವನ್ನು ತೆಳುವಾಗಿಸುವ ವಾರ್ಫರಿನ್ ಜೀವನಪೂರ್ತಿ ಬೇಕು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿಯನ್ನು, ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲಾದ ಮಹಾಪಧಮನಿ ಕವಾಟವಾದರೆ ಸಾಮಾನ್ಯವಾಗಿ 2.5ರ ಸುತ್ತ, ಹೃದಯದ ಎಡಬದಿಯ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟವಾದರೆ 3ರ ಸುತ್ತ ಹಿಡಿದಿಡಬೇಕಾಗುತ್ತದೆ. ಅಂಕಿ ಇಳಿದರೆ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಬಹುದು ಅಥವಾ ಕವಾಟವೇ ಸಿಕ್ಕಿಹಾಕಿಕೊಳ್ಳಬಹುದು, ಏರಿದರೆ ರಕ್ತಸ್ರಾವವಾಗಬಹುದು.

ಚೆನ್ನಾಗಿ ನೋಡಿಕೊಂಡರೂ ನೂರು ರೋಗಿಗಳಲ್ಲಿ ವರ್ಷಕ್ಕೆ ಸುಮಾರು ಒಬ್ಬಿಬ್ಬರಿಗೆ ಗಂಭೀರ ರಕ್ತಸ್ರಾವ ಆಗುತ್ತದೆ, ಹೆಪ್ಪುಗಟ್ಟುವಿಕೆಯ ತೊಂದರೆಯೂ ಹೆಚ್ಚುಕಡಿಮೆ ಅಷ್ಟೇ ಮಂದಿಯನ್ನು ಕಾಡುತ್ತದೆ. ಈ ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ ಅದು ಪ್ರತಿ ವರ್ಷವೂ ಮರುಕಳಿಸುವ ಅಪಾಯ, 35ನೆಯ ವಯಸ್ಸಿನಲ್ಲಿ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ಅದನ್ನು ನಲವತ್ತು ವರ್ಷ ಹೊತ್ತು ನಡೆಯಬೇಕಾಗಬಹುದು ಎಂಬುದನ್ನು ನೆನಪಿಟ್ಟುಕೊಂಡರೆ ಅದರ ನಿಜವಾದ ತೂಕ ತಿಳಿಯುತ್ತದೆ.

ಹೊಸ ಪೀಳಿಗೆಯ ರಕ್ತ ತೆಳುಕಾರಕಗಳಿಗೆ ಇಷ್ಟು ಪರೀಕ್ಷೆ ಬೇಡವಲ್ಲ, ಅವುಗಳನ್ನೇ ತೆಗೆದುಕೊಳ್ಳಬಹುದಲ್ಲ ಎಂದು ಹಲವರು ಕೇಳುತ್ತಾರೆ. ಯಾಂತ್ರಿಕ ಕವಾಟ ಇರುವವರಿಗೆ ಅವು ಸಲ್ಲವು. ಡಾಬಿಗಾಟ್ರಾನ್ ಔಷಧಿಯನ್ನು ಯಾಂತ್ರಿಕ ಕವಾಟದವರಲ್ಲಿ ಪರೀಕ್ಷಿಸಿದ ಅಧ್ಯಯನದಲ್ಲಿ ವಾರ್ಫರಿನ್ ತೆಗೆದುಕೊಂಡವರಿಗಿಂತ ಹೆಪ್ಪುಗಟ್ಟುವಿಕೆಯೂ ರಕ್ತಸ್ರಾವವೂ ಹೆಚ್ಚಾದ ಕಾರಣ ಅದನ್ನು ನಡುವೆಯೇ ನಿಲ್ಲಿಸಲಾಯಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಪಿಕ್ಸಬಾನ್‌ನ ಅಂಥದೇ ಪರೀಕ್ಷೆಯೂ 2022ರಲ್ಲಿ ಅವಧಿಗೆ ಮುನ್ನವೇ ನಿಂತಿತು. ಬೇರೆ ಕಾಯಿಲೆಗಾಗಿ ಈ ಔಷಧಿ ತೆಗೆದುಕೊಳ್ಳುವ ಪರಿಚಿತರ ಮಾತು ಕೇಳಿ ವಾರ್ಫರಿನ್ ಬಿಡುವುದು ಪ್ರಾಣಾಪಾಯಕರ.

ಹಾಗಾಗಿ ಯಾಂತ್ರಿಕ ಕವಾಟ ಹೊಂದುವುದು ಕ್ರಮಬದ್ಧವಾಗಿ ಔಷಧಿ ತೆಗೆದುಕೊಳ್ಳಬಲ್ಲ, ಐಎನ್‌ಆರ್ ಪರೀಕ್ಷೆ ಹತ್ತಿರದಲ್ಲೇ ದೊರೆಯುವ ಅಥವಾ ಮನೆಯಲ್ಲೇ ಪರೀಕ್ಷಿಸುವ ಯಂತ್ರ ಕೊಳ್ಳಬಲ್ಲ, ಬಿದ್ದು ಪೆಟ್ಟಾಗುವ ಸಂಭವ ಕಡಿಮೆ ಇರುವ ಕೆಲಸದವರಿಗೆ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ರೀತಿ ಇದ್ದರೆ ಸಾಕು. ಕೆಲವು ಆಂಟಿಬಯೋಟಿಕ್ ಮತ್ತು ನೋವುನಿವಾರಕ ಮಾತ್ರೆಗಳು ಸೊಪ್ಪಿಗಿಂತ ಹೆಚ್ಚಿನ ಏರುಪೇರು ಮಾಡುತ್ತವೆ.

ಕಡಿಮೆ ಚರ್ಚೆಯಾಗುವ ಇನ್ನೊಂದು ತೊಡಕು ಪಾನಸ್. ಹಲವು ವರ್ಷಗಳಲ್ಲಿ ದೇಹದ ಊತಕ ಕವಾಟದ ಉಂಗುರದ ಮೇಲೆ ನಿಧಾನವಾಗಿ ಬೆಳೆದು ಎಲೆಗಳ ಚಲನೆಗೆ ಅಡ್ಡಬರುತ್ತದೆ. ಇದು ಔಷಧಿಯಿಂದ ಕರಗುವುದಿಲ್ಲ, ಮರುಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಯಾಂತ್ರಿಕ ಕವಾಟ ಹಾಕಿಸಿಕೊಂಡರೆ ಮತ್ತೆಂದೂ ಶಸ್ತ್ರಚಿಕಿತ್ಸೆ ಬೇಡ ಎಂಬ ಮಾತು ಹೆಚ್ಚಿನವರ ವಿಷಯದಲ್ಲಿ ನಿಜವಾದರೂ ಅದನ್ನು ಖಾತರಿ ಎಂದು ತಿಳಿಯಬಾರದು.

ಜೈವಿಕ ಕವಾಟ: ಸವೆಯುವುದು ಖಚಿತ, ಆದರೆ ಸೂಚನೆ ಕೊಟ್ಟು

ಹಸುವಿನ ಹೃದಯದ ಹೊರಪೊರೆಯಿಂದ ಅಥವಾ ಹಂದಿಯ ಕವಾಟದಿಂದ ತಯಾರಿಸುವ ಜೈವಿಕ ಕವಾಟಕ್ಕೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಕಳೆದ ಮೇಲೆ ವಾರ್ಫರಿನ್ ಬೇಕಿಲ್ಲ, ಬೇರೆ ಕಾರಣಗಳಿದ್ದರೆ ಮಾತ್ರ ಬೇಕಾಗುತ್ತದೆ. ಇದಕ್ಕೆ ತೆರುವ ಬೆಲೆ ಅದರ ಬಾಳಿಕೆ. ಎಲೆಗಳಲ್ಲಿ ಸುಣ್ಣಾಂಶ ಸೇರಿ ಗಡುಸಾಗುತ್ತವೆ ಅಥವಾ ಹರಿಯುತ್ತವೆ. ಹೆಚ್ಚಿನವರಲ್ಲಿ ಹತ್ತರಿಂದ ಹದಿನೈದು ವರ್ಷಗಳಲ್ಲಿ ಇದು ಗಮನಕ್ಕೆ ಬರುತ್ತದೆ. ವಯಸ್ಸು ಕಡಿಮೆ ಇದ್ದಷ್ಟೂ ಸವೆತ ಬೇಗ. 75ರಲ್ಲಿ ಹಾಕಿಸಿಕೊಂಡ ಕವಾಟ ಆ ವ್ಯಕ್ತಿಯ ಆಯುಸ್ಸಿಗೆ ಸಾಕಾಗಬಹುದು, 30ರಲ್ಲಿ ಹಾಕಿಸಿಕೊಂಡ ಅದೇ ಕವಾಟ ಹತ್ತು ವರ್ಷವೂ ಬಾರದೆ ಹೋಗಬಹುದು.

ಸವೆತ ಸಾಮಾನ್ಯವಾಗಿ ನಿಧಾನದ್ದು. ಏರು ಹತ್ತುವಾಗ ಉಸಿರು ಕಟ್ಟುವುದು ಹೆಚ್ಚುತ್ತದೆ, ಅದಕ್ಕೂ ಮೊದಲೇ ಎಕೋ ಪರೀಕ್ಷೆಯಲ್ಲಿ ಬದಲಾವಣೆ ಕಾಣುತ್ತದೆ. ಎಲೆ ಹರಿದು ಏಕಾಏಕಿ ಸೋರಿಕೆ ಆಗುವುದೂ ಉಂಟು, ಆದರೆ ಅದು ಕಡಿಮೆ. ಅಂದರೆ ಇಲ್ಲಿನ ತೊಡಕು ಬಹುಮಟ್ಟಿಗೆ ಯೋಜನೆ ಮಾಡಿಕೊಳ್ಳಲು ಅವಕಾಶ ಕೊಡುವಂಥದು, ಆ ಅವಕಾಶ ಸಿಗುವುದು ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆಗೆ ಹೋಗುವವರಿಗೆ ಮಾತ್ರ.

ಸವೆದಾಗ ಎರಡು ದಾರಿಗಳಿವೆ. ಒಂದು, ಮತ್ತೆ ಎದೆ ತೆರೆಯುವ ಶಸ್ತ್ರಚಿಕಿತ್ಸೆ. ಮೊದಲ ಬಾರಿಯ ಗಾಯದಿಂದ ಊತಕಗಳು ಅಂಟಿಕೊಂಡಿರುವುದರಿಂದ ಅದು ಮೊದಲಿನದಕ್ಕಿಂತ ಕಠಿಣ. ಇನ್ನೊಂದು, ಹಳೆಯ ಕವಾಟದೊಳಗೇ ಹೊಸದನ್ನು ಕ್ಯಾತಿಟರ್, ಅಂದರೆ ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆಯ ಮೂಲಕ ಕೂರಿಸುವುದು. ಈ ಎರಡನೆಯ ದಾರಿ ಬಂದ ಮೇಲೆ ‘ಈಗ ಜೈವಿಕ ಕವಾಟ ಹಾಕಿಸಿಕೊಳ್ಳಿ, ಮುಂದೆ ತೊಡೆಯಿಂದಲೇ ಸರಿಪಡಿಸೋಣ’ ಎಂದು ಯುವಕರಿಗೂ ಹೇಳುವ ಪ್ರವೃತ್ತಿ ಹೆಚ್ಚಿದೆ. ಈ ಭರವಸೆಯನ್ನು ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಮೊದಲ ಕವಾಟ ಚಿಕ್ಕದಾಗಿದ್ದರೆ ಅದರೊಳಗೆ ಕೂರುವ ಎರಡನೆಯದರ ಬಾಯಿ ಇನ್ನೂ ಕಿರಿದಾಗುತ್ತದೆ. ಕೆಲವರ ದೇಹರಚನೆಯಲ್ಲಿ ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ಧಮನಿಗಳ ಬಾಯಿಯೇ ಮುಚ್ಚಿಹೋಗುವ ಅಪಾಯವಿದೆ. ಹಾಗಾಗಿ ಶಸ್ತ್ರವೈದ್ಯರನ್ನು ಕೇಳಬೇಕಾದ ಪ್ರಶ್ನೆ ಕವಾಟದ ಬಗೆಯದ್ದಷ್ಟೇ ಆಗಿರಬಾರದು. ಯಾವ ಅಳತೆಯದು ನನಗೆ ಕೂರುತ್ತದೆ, ಅದು ಚಿಕ್ಕದಾದರೆ ಕವಾಟದ ಬುಡವನ್ನು ಅಗಲಗೊಳಿಸಲು ಸಾಧ್ಯವೇ, ಮುಂದೊಂದು ದಿನ ಅದರೊಳಗೆ ಇನ್ನೊಂದು ಹಿಡಿಯುತ್ತದೆಯೇ ಎಂದು ಕೇಳಬೇಕು.

ಅಮೆರಿಕದ 2020ರ ಮಾರ್ಗಸೂಚಿಗಳ ಪ್ರಕಾರ ಮಹಾಪಧಮನಿ ಕವಾಟದ ವಿಷಯದಲ್ಲಿ 50ಕ್ಕಿಂತ ಕಡಿಮೆ ವಯಸ್ಸಿನವರಿಗೆ ಯಾಂತ್ರಿಕ, 65ಕ್ಕಿಂತ ಹೆಚ್ಚಿನವರಿಗೆ ಜೈವಿಕ ಎಂಬುದು ಸಾಮಾನ್ಯ ಒಲವು. ನಡುವಿನ ಹದಿನೈದು ವರ್ಷಗಳನ್ನು ರೋಗಿಯ ಪರಿಸ್ಥಿತಿಗೆ ಬಿಟ್ಟಿದ್ದಾರೆ. ದ್ವಂದ್ವದಲ್ಲಿ ಸಿಲುಕುವವರಲ್ಲಿ ಹೆಚ್ಚಿನವರು ಈ ಗುಂಪಿನವರೇ. ನನ್ನ ಅಭಿಪ್ರಾಯದಲ್ಲಿ ಈ ವಯಸ್ಸಿನವರು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಸಾಕು: ಐಎನ್‌ಆರ್ ಅನ್ನು ವರ್ಷಗಳ ಕಾಲ ಬಿಡದೆ ನೋಡಿಕೊಳ್ಳುವ ಶಿಸ್ತು ಮತ್ತು ಸೌಲಭ್ಯ ಎರಡೂ ಇವೆಯೇ? ಎರಡರಲ್ಲಿ ಒಂದಿಲ್ಲದಿದ್ದರೂ ಜೈವಿಕ ಕವಾಟವನ್ನು ಆರಿಸಿ, ಎರಡನೆಯ ಶಸ್ತ್ರಚಿಕಿತ್ಸೆಗೆ ಮನಸ್ಸನ್ನೂ ಹಣವನ್ನೂ ಸಿದ್ಧಪಡಿಸಿಕೊಳ್ಳುವುದು ಮೇಲು.

ತಾಯಿಯಾಗಬಯಸುವವರ ಲೆಕ್ಕ ಬೇರೆಯೇ. ವಾರ್ಫರಿನ್ ಗರ್ಭದ ಆರರಿಂದ ಹನ್ನೆರಡನೆಯ ವಾರದ ನಡುವೆ ಶಿಶುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು, ಹೆಚ್ಚಿನ ಡೋಸ್‌ನಲ್ಲಿ ಈ ಅಪಾಯ ಹೆಚ್ಚು. ಚುಚ್ಚುಮದ್ದಾಗಿ ಕೊಡುವ ಹೆಪಾರಿನ್ ಎಂಬ ಇನ್ನೊಂದು ರಕ್ತ ತೆಳುಕಾರಕಕ್ಕೆ ಬದಲಾಯಿಸಿದರೆ ಶಿಶುವಿಗೆ ಸುರಕ್ಷಿತ, ತಾಯಿಯ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಮಾತ್ರ ಏರುತ್ತದೆ. ಜೈವಿಕ ಕವಾಟ ಈ ಸಂಕಟವನ್ನು ತಪ್ಪಿಸುತ್ತದೆ, ಬದಲಿಗೆ ಮಕ್ಕಳು ಚಿಕ್ಕವರಿರುವಾಗಲೇ ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ತಂದೊಡ್ಡಬಹುದು. ಈ ಮಾತುಕತೆ ಗರ್ಭ ನಿಂತ ಮೇಲೆ ನಡೆಯುವಂಥದಲ್ಲ, ಕವಾಟ ಆರಿಸುವ ಮೊದಲೇ ಪ್ರಸೂತಿ ತಜ್ಞರನ್ನೂ ಕೂರಿಸಿಕೊಂಡು ನಡೆಯಬೇಕು.

ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿರುವ ತಮ್ಮದೇ ಪಲ್ಮನರಿ ಕವಾಟವನ್ನು ಮಹಾಪಧಮನಿಯ ಜಾಗಕ್ಕೆ ತಂದು ಕೂರಿಸುವ, ಡೊನಾಲ್ಡ್ ರಾಸ್ ಅವರು 1967ರಲ್ಲಿ ಆರಂಭಿಸಿದ ಶಸ್ತ್ರಚಿಕಿತ್ಸೆಯೂ ಯುವಜನರಿಗೆ ಒಂದು ದಾರಿ. ವಾರ್ಫರಿನ್ ಬೇಡ, ಬಾಳಿಕೆಯೂ ಚೆನ್ನಾಗಿರಬಹುದು. ಆದರೆ ಒಂದು ಕವಾಟದ ಕಾಯಿಲೆಗಾಗಿ ಎರಡು ಕವಾಟಗಳನ್ನು ಮುಟ್ಟಿದಂತಾಗುತ್ತದೆ, ಮುಂದೆ ಎರಡೂ ಕಡೆ ತೊಂದರೆ ಬರಬಹುದು. ಅದನ್ನು ಪದೇಪದೇ ಮಾಡಿ ಪಳಗಿದ ಕೈ ಇರುವಲ್ಲಿ ಮಾತ್ರ ಯೋಚಿಸಬೇಕು.

ಎದೆ ತೆರೆಯದೆ ಹಾಕುವ ಕವಾಟ

ಅಲೆನ್ ಕ್ರಿಬಿಯೆ ಅವರು 2002ರ ಏಪ್ರಿಲ್ 16ರಂದು ಫ್ರಾನ್ಸ್‌ನ ರುವಾನ್‌ನಲ್ಲಿ ಮೊದಲ ಬಾರಿಗೆ ಕ್ಯಾತಿಟರ್ ಮೂಲಕ ಮಹಾಪಧಮನಿ ಕವಾಟವನ್ನು ಕೂರಿಸಿದರು. ಟಾವಿ ಎಂದು ಕರೆಯುವ ಈ ವಿಧಾನ ವಯೋವೃದ್ಧರಿಗೆ ದೊಡ್ಡ ವರ. ಚೇತರಿಕೆ ಬೇಗ, ನೋವು ಕಡಿಮೆ. ದೀರ್ಘಾವಧಿಯ ತೊಡಕುಗಳಲ್ಲಿ ಮೂರನ್ನು ಗಮನಿಸಬೇಕು. ಕವಾಟದ ಚೌಕಟ್ಟು ಹೃದಯದ ವಿದ್ಯುತ್ ಹಾದಿಯನ್ನು ಒತ್ತುವುದರಿಂದ ಸುಮಾರು ಹತ್ತರಲ್ಲಿ ಒಬ್ಬರಿಗೆ, ಕೆಲವು ವಿನ್ಯಾಸಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿಗೆ, ಶಾಶ್ವತ ಪೇಸ್‌ಮೇಕರ್ ಬೇಕಾಗುತ್ತದೆ. ಅಂದರೆ ಒಂದು ಸಾಧನದ ತೊಡಕು ಇನ್ನೊಂದು ಸಾಧನವನ್ನು ಕರೆತರುತ್ತದೆ. ಕವಾಟದ ಅಂಚಿನಲ್ಲಿ ಸೋರಿಕೆ ಉಳಿಯಬಹುದು. ಚೌಕಟ್ಟು ಎತ್ತರವಾಗಿದ್ದರೆ ಮುಂದೆ ಆಂಜಿಯೋಪ್ಲಾಸ್ಟಿ ಬೇಕಾದಾಗ ಕರೋನರಿ ಧಮನಿಗಳನ್ನು ತಲುಪುವುದು ಕಷ್ಟ.

80 ದಾಟಿದವರಿಗೆ ಈ ಮೂರೂ ಒಪ್ಪಿಕೊಳ್ಳಬಹುದಾದವು. 65ರೊಳಗಿನವರಿಗೆ ಅದೇ ಅಮೆರಿಕದ ಮಾರ್ಗಸೂಚಿ ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತದೆ. ನಡುವಿನವರು ‘ಈ ಕವಾಟ ಸವೆದಾಗ ನನ್ನ ವಯಸ್ಸೆಷ್ಟಿರುತ್ತದೆ, ಆಗ ಏನು ಮಾಡುತ್ತೀರಿ’ ಎಂದು ಕೇಳಿ ಉತ್ತರ ಪಡೆಯಬೇಕು. ಒಳಗೆ ಬೇರೂರಿದ ಟಾವಿ ಕವಾಟವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಸುಲಭದ ಕೆಲಸವಲ್ಲ.

ಯಾವ ಕವಾಟವನ್ನು ಆರಿಸಿಕೊಂಡರೂ ತಪ್ಪದ ಒಂದು ಅಪಾಯವಿದೆ, ಕವಾಟದ ಸೋಂಕು. ಅಪರೂಪವಾದರೂ ಇವೆಲ್ಲದರಲ್ಲಿ ಅತ್ಯಂತ ಭೀಕರವಾದದ್ದು ಇದೇ. ಒಸಡಿಗೆ ಗಾಯವಾಗುವಂಥ ಹಲ್ಲಿನ ಚಿಕಿತ್ಸೆಗೆ ಮುನ್ನ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಕಾರಣ ತಿಳಿಯದ ಜ್ವರ ಕೆಲವು ದಿನ ಉಳಿದರೆ ಮೊದಲು ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ, ಆಮೇಲೆ ಆಂಟಿಬಯೋಟಿಕ್. ಈ ಕ್ರಮ ತಿರುಗುಮುರುಗಾದರೆ ಕವಾಟದ ಮೇಲಿರುವ ರೋಗಾಣು ಪರೀಕ್ಷೆಗೆ ಸಿಗದೆ ಒಳಗೇ ಉಳಿಯುತ್ತದೆ.

ಪೇಸ್‌ಮೇಕರ್: ಲೀಡ್ ಇರುವುದೋ, ಇಲ್ಲದ್ದೋ?

ಪೇಸ್‌ಮೇಕರ್‌ನ ದುರ್ಬಲ ಕೊಂಡಿ ಬ್ಯಾಟರಿಯೂ ಅಲ್ಲ, ವಿದ್ಯುನ್ಮಾನವೂ ಅಲ್ಲ. ಭುಜದ ಬಳಿಯ ಅಭಿಧಮನಿಯಿಂದ ಹೃದಯದೊಳಕ್ಕೆ ಇಳಿಯುವ ಲೀಡ್ ಎಂಬ ತಂತಿಯೇ ಅದರಲ್ಲಿ ಮೊದಲು ಸೋಲುವ ಭಾಗ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಆ ತಂತಿ ಬಾಗುತ್ತದೆ. ವರ್ಷಗಳು ಕಳೆದಂತೆ ಒಳತಂತಿ ಮುರಿಯಬಹುದು, ಹೊರಕವಚ ಸವೆಯಬಹುದು, ಅದು ಹಾದುಹೋಗುವ ಅಭಿಧಮನಿ ಕಟ್ಟಿಕೊಳ್ಳಬಹುದು, ಹೃದಯದ ಬಲಬದಿಯ ಎರಡು ಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟ ಸರಿಯಾಗಿ ಮುಚ್ಚದಂತಾಗಿ ಸೋರಿಕೆ ಆಗಬಹುದು.

ಇವೆಲ್ಲಕ್ಕಿಂತ ಭಾರವಾದದ್ದು ಸೋಂಕು. ಯಂತ್ರವನ್ನಿಡಲು ಚರ್ಮದಡಿ ಮಾಡಿದ ಜೇಬಿನಲ್ಲಿ ಮಾತ್ರ ಕೆಂಪಾಗಿದೆ, ಕೀವು ಸ್ವಲ್ಪವೇ ಇದೆ ಎಂದು ಕಂಡರೂ ಸೋಂಕು ದೃಢಪಟ್ಟರೆ ಯಂತ್ರ, ಲೀಡ್ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಆಂಟಿಬಯೋಟಿಕ್ ಒಂದರಿಂದಲೇ ಅದು ವಾಸಿಯಾಗುವುದಿಲ್ಲ. ಬ್ಯಾಟರಿ ಬದಲಾವಣೆಯನ್ನು ಸಣ್ಣ ಕೆಲಸವೆಂದು ಭಾವಿಸುವವರು ಒಂದನ್ನು ತಿಳಿದಿರಬೇಕು. ಹಳೆಯ ಜೇಬನ್ನು ಮತ್ತೆ ತೆರೆದಾಗ ಸೋಂಕಿನ ಸಂಭವ ಮೊದಲ ಬಾರಿಗಿಂತ ಹೆಚ್ಚಿರುತ್ತದೆ. ಹೆಚ್ಚು ಅಪಾಯವಿರುವವರಲ್ಲಿ ಯಂತ್ರವನ್ನು ಆಂಟಿಬಯೋಟಿಕ್ ಲೇಪಿತ ಚೀಲದಲ್ಲಿಟ್ಟು ಹಾಕಿದಾಗ ಗಂಭೀರ ಸೋಂಕುಗಳು ಸುಮಾರು ಶೇ. 40ರಷ್ಟು ಇಳಿದವು ಎಂದು 2019ರ ದೊಡ್ಡ ಅಧ್ಯಯನ ತೋರಿಸಿತು. ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರು ಇದರ ಬಗ್ಗೆ ಕೇಳಲೇಬೇಕು.

ಲೀಡ್ ಇಲ್ಲದ ಪೇಸ್‌ಮೇಕರ್ ದೊಡ್ಡ ಮಾತ್ರೆಯಷ್ಟು ಗಾತ್ರದ್ದು, ತೊಡೆಯ ಅಭಿಧಮನಿಯ ಮೂಲಕ ಬಲ ಹೃತ್ಕುಕ್ಷಿಯೊಳಗೆ, ಅಂದರೆ ಹೃದಯದ ಬಲಬದಿಯ ಕೆಳಕೋಣೆಯೊಳಗೆ ಕೂರಿಸುವಂಥದು. ಅಮೆರಿಕದಲ್ಲಿ ಮೊದಲನೆಯದಕ್ಕೆ 2016ರಲ್ಲಿ ಅನುಮತಿ ದೊರೆಯಿತು. ಜೇಬಿಲ್ಲ, ತಂತಿಯಿಲ್ಲ, ಹಾಗಾಗಿ ಅವುಗಳ ತೊಡಕುಗಳೂ ಇಲ್ಲ. ಸೋಂಕು ಬಹಳ ಅಪರೂಪ. ಅಳವಡಿಸುವಾಗ ಹೃದಯದ ಗೋಡೆ ತೂತಾಗುವುದು ನೂರರಲ್ಲಿ ಸುಮಾರು ಒಬ್ಬರಿಗೆ ಆಗಬಹುದು, ಆದರೆ ಆದಾಗ ಅದು ತುರ್ತು ಶಸ್ತ್ರಚಿಕಿತ್ಸೆಯವರೆಗೆ ಹೋಗಬಲ್ಲದು. ಮೊದಲು ಬಂದವು ಒಂದೇ ಕೋಣೆಯನ್ನು ಬಡಿಸುವಂಥವಾಗಿದ್ದವು. ಎರಡು ಕೋಣೆಗಳಿಗೆ ಎರಡು ಮಾತ್ರೆಗಳು ಪರಸ್ಪರ ಸಂಪರ್ಕಿಸುವ ವ್ಯವಸ್ಥೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು.

ಇಲ್ಲಿ ಸರಣಿಯ ಪ್ರಶ್ನೆ ಮತ್ತೆ ಬರುತ್ತದೆ. ಬ್ಯಾಟರಿ ಮುಗಿದಾಗ ಈ ಮಾತ್ರೆಯನ್ನು ಒಳಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಹಾಕುವುದು ಸಾಮಾನ್ಯ ಯೋಜನೆ, ಕೆಲವು ವಿನ್ಯಾಸಗಳನ್ನು ಹೊರತೆಗೆಯಲು ಅನುಕೂಲವಾಗುವಂತೆ ರೂಪಿಸಿದ್ದಾರೆ. 82 ವರ್ಷದವರಿಗೆ, ಡಯಾಲಿಸಿಸ್‌ಗಾಗಿ ಭುಜದ ಅಭಿಧಮನಿಗಳನ್ನು ಉಳಿಸಿಕೊಳ್ಳಬೇಕಾದವರಿಗೆ, ಹಿಂದೆ ಜೇಬಿನ ಸೋಂಕು ಆದವರಿಗೆ ಇದು ಉತ್ತಮ ಆಯ್ಕೆ ಎಂದು ಹಿಂಜರಿಯದೆ ಹೇಳುತ್ತೇನೆ. 30 ವರ್ಷದವರಿಗೆ ಅಷ್ಟು ಸುಲಭವಾಗಿ ಹೇಳಲಾರೆ, ಏಕೆಂದರೆ ನಾಲ್ಕೈದು ಮಾತ್ರೆಗಳ ಸರಣಿ ಒಂದೇ ಹೃತ್ಕುಕ್ಷಿಯಲ್ಲಿ ಹೇಗೆ ವರ್ತಿಸುತ್ತದೆಂಬ ದಶಕಗಳ ಅನುಭವ ವೈದ್ಯಲೋಕಕ್ಕೇ ಇನ್ನೂ ಆಗಿಲ್ಲ.

ಬಲ ಹೃತ್ಕುಕ್ಷಿಯನ್ನು ಹೆಚ್ಚು ಕಾಲ ಬಡಿಸಿದರೆ ಹೃದಯದ ಎರಡು ಬದಿಗಳ ಸಂಕೋಚನ ಹೊಂದಿಕೆ ತಪ್ಪಿ, ಹತ್ತರಲ್ಲಿ ಒಬ್ಬರಿಂದ ಇಬ್ಬರವರೆಗೆ ಹೃದಯ ಸ್ನಾಯು ದುರ್ಬಲವಾಗುವುದುಂಟು. ಇದು ಎರಡೂ ಬಗೆಗೆ ಅನ್ವಯಿಸುತ್ತದೆ. ‘ಪೇಸ್‌ಮೇಕರ್ ನನ್ನ ಹೃದಯವನ್ನು ಶೇಕಡ ಎಷ್ಟು ಹೊತ್ತು ಬಡಿಸಬೇಕಾಗಬಹುದು’ ಎಂದು ಕೇಳಿ. ಹೆಚ್ಚು ಎಂದಾದರೆ, ಸಹಜ ವಿದ್ಯುತ್ ಹಾದಿಗೇ ಲೀಡ್ ಜೋಡಿಸುವ ವಿಧಾನವಿದೆ; ಅದಕ್ಕೆ ಲೀಡ್ ಇರುವ ಪೇಸ್‌ಮೇಕರ್ ಬೇಕು. ಆಗ ತಂತಿಯ ತೊಡಕನ್ನು ಒಪ್ಪಿಕೊಂಡು ಸ್ನಾಯುವನ್ನು ಕಾಪಾಡಿದಂತಾಗುತ್ತದೆ, ಇದು ನ್ಯಾಯವಾದ ವಿನಿಮಯ.

ಐಸಿಡಿ: ರಕ್ತನಾಳದೊಳಗೋ, ಚರ್ಮದಡಿಯೋ?

ಮಾರಣಾಂತಿಕ ಬಡಿತವನ್ನು ಶಾಕ್ ಕೊಟ್ಟು ನಿಲ್ಲಿಸುವ ಐಸಿಡಿಯನ್ನು 1980ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಅಳವಡಿಸಲಾಯಿತು. ರಕ್ತನಾಳದ ಮೂಲಕ ಹೋಗುವ ಸಾಂಪ್ರದಾಯಿಕ ಐಸಿಡಿಯ ಲೀಡ್ ಪೇಸ್‌ಮೇಕರ್ ಲೀಡ್‌ಗಿಂತ ಸಂಕೀರ್ಣ, ಹಾಗಾಗಿ ಕೆಡುವ ಸಂಭವವೂ ಹೆಚ್ಚು. ಚರ್ಮದಡಿಯ ಐಸಿಡಿಯಲ್ಲಿ ಹೃದಯದೊಳಗಾಗಲೀ ರಕ್ತನಾಳದೊಳಗಾಗಲೀ ಏನೂ ಇರುವುದಿಲ್ಲ. 2020ರಲ್ಲಿ ಪ್ರಕಟವಾದ, 849 ರೋಗಿಗಳ ನೇರ ಹೋಲಿಕೆಯ ಅಧ್ಯಯನದಲ್ಲಿ ಸುಮಾರು ನಾಲ್ಕು ವರ್ಷಗಳ ಕೊನೆಗೆ ಲೀಡ್ ಸಂಬಂಧಿ ತೊಡಕುಗಳು ಚರ್ಮದಡಿಯ ಸಾಧನದಲ್ಲಿ ಶೇ. 1.4, ಸಾಂಪ್ರದಾಯಿಕದಲ್ಲಿ ಶೇ. 6.6 ಆಗಿದ್ದವು. ಅಗತ್ಯವಿಲ್ಲದೆ ಶಾಕ್ ಹೊಡೆಯುವುದು ಕ್ರಮವಾಗಿ ಶೇ. 9.7 ಮತ್ತು ಶೇ. 7.3.

ಚರ್ಮದಡಿಯದು ನಿಧಾನ ಬಡಿತಕ್ಕೆ ಪೇಸಿಂಗ್, ಅಂದರೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೃದಯವನ್ನು ಬಡಿಸುವ ಕೆಲಸ, ಮಾಡಲಾರದು; ವೇಗದ ಬಡಿತವನ್ನು ನೋವಿಲ್ಲದ ಪೇಸಿಂಗ್‌ನಿಂದ ಹತೋಟಿಗೆ ತರುವ ಸಾಮರ್ಥ್ಯವೂ ಅದಕ್ಕಿಲ್ಲ, ಶಾಕ್ ಒಂದೇ ದಾರಿ. ಪದೇಪದೇ ಒಂದೇ ಬಗೆಯ ವೇಗದ ಬಡಿತ ಬರುವವರಿಗೆ ಸಾಂಪ್ರದಾಯಿಕ ಐಸಿಡಿ ಹಲವು ಶಾಕ್‌ಗಳನ್ನು ತಪ್ಪಿಸುತ್ತದೆ. ಪೇಸಿಂಗ್ ಅಗತ್ಯವಿಲ್ಲದ 25 ವರ್ಷದವರಿಗಾದರೆ ಮುಂದಿನ ಐವತ್ತು ವರ್ಷ ರಕ್ತನಾಳಗಳನ್ನು ಉಳಿಸಿಕೊಳ್ಳುವುದೇ ಮುಖ್ಯವಾಗುತ್ತದೆ, ಚರ್ಮದಡಿಯದು ಅವರಿಗೆ ಮೊದಲ ಆಯ್ಕೆಯಾಗಬೇಕು.

ಶಾಕ್‌ನ ದೀರ್ಘಾವಧಿ ಪರಿಣಾಮ ಎದೆಗೆ ಮಾತ್ರ ಸೀಮಿತವಲ್ಲ. ಎಚ್ಚರವಿರುವಾಗ ಹಲವು ಬಾರಿ ಶಾಕ್ ಅನುಭವಿಸಿದವರಲ್ಲಿ ಆತಂಕ, ನಿದ್ರಾಹೀನತೆ, ಮನೆಯಿಂದ ಹೊರಗೆ ಹೋಗುವ ಭಯ ವರ್ಷಗಟ್ಟಲೆ ಉಳಿಯುವುದುಂಟು. ಇದನ್ನು ಮನೋದೌರ್ಬಲ್ಯವೆಂದು ತಳ್ಳಿಹಾಕುವುದು ಅನ್ಯಾಯ. ಅದು ಸಾಧನದ ತೊಡಕೇ, ಅದಕ್ಕೂ ಚಿಕಿತ್ಸೆ ಇದೆ. ಯಂತ್ರ ಎಷ್ಟು ವೇಗದ ಬಡಿತಕ್ಕೆ, ಎಷ್ಟು ಹೊತ್ತು ಕಾದು ಶಾಕ್ ಕೊಡಬೇಕೆಂಬ ಪ್ರೋಗ್ರಾಮಿಂಗ್ ಅನ್ನು ತಿದ್ದಿದರೆ ಅನಗತ್ಯ ಶಾಕ್‌ಗಳು ಬಹಳ ಕಡಿಮೆಯಾಗುತ್ತವೆ ಎಂಬುದು 2012ರಿಂದಲೇ ಸಾಬೀತಾಗಿದೆ. ಆದ್ದರಿಂದ ಮೊದಲ ಅನಗತ್ಯ ಶಾಕ್ ಆದ ಕೂಡಲೇ ಯಂತ್ರವನ್ನು ತಪಾಸಣೆ ಮಾಡಿಸಬೇಕು.

ಸ್ಟೆಂಟ್ ಬಗ್ಗೆ ಎರಡು ಮಾತು

ಕಿರಿದಾದ ಹೃದಯದ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆಗಳಾದ ಸ್ಟೆಂಟ್‌ಗಳ ವಿಷಯದಲ್ಲಿ ಆಯ್ಕೆ ಈಗ ಬಹಳ ಕಿರಿದಾಗಿದೆ, ಔಷಧಿ ಲೇಪಿತ ಲೋಹದ ಸ್ಟೆಂಟ್‌ಗಳೇ ರೂಢಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ತೆಗೆದುಕೊಳ್ಳಬೇಕು, ಹಲ್ಲು ಕೀಳಿಸಲೆಂದೋ ಇನ್ನಾವುದಕ್ಕೋ ಹೃದಯ ತಜ್ಞರನ್ನು ಕೇಳದೆ ಅವುಗಳನ್ನು ನಿಲ್ಲಿಸಬಾರದು. ದೇಹದಲ್ಲೇ ಕರಗಿಹೋಗುವ ಅಬ್ಸಾರ್ಬ್ ಎಂಬ ಸ್ಟೆಂಟ್ ಅನ್ನು ಬಹಳ ನಿರೀಕ್ಷೆಯಿಂದ ತಂದರು; ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ಅದು ಹೆಪ್ಪುಗಟ್ಟುವಿಕೆಯ ಪ್ರಮಾಣ ಲೋಹದ ಸ್ಟೆಂಟ್‌ಗಿಂತ ಹೆಚ್ಚೆಂದು ಕಂಡ ಬಳಿಕ 2017ರಲ್ಲಿ ಮಾರಾಟದಿಂದಲೇ ಹೊರಬಿತ್ತು. ಅತ್ಯಂತ ಹೊಸದು ಎಂಬ ಒಂದೇ ಕಾರಣಕ್ಕೆ ದುಬಾರಿ ಬೆಲೆ ತೆರಲು ಹೊರಟವರು ಇದನ್ನು ನೆನಪಿಡಬೇಕು.

ತೊಡಕು ಈಗಾಗಲೇ ಬಂದಿದ್ದರೆ

ಕೆಟ್ಟ ಲೀಡ್ ಅನ್ನು ತೆಗೆಯುವುದೋ, ಒಳಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಹಾಕುವುದೋ ಎಂಬುದು ಹಲವರ ಸಂಕಟ. ಒಂದು ವರ್ಷ ದಾಟಿದ ಲೀಡ್ ರಕ್ತನಾಳದ ಗೋಡೆಗೆ ಅಂಟಿಕೊಳ್ಳತೊಡಗುತ್ತದೆ. ಲೇಸರ್ ಬಳಸಿ ಬಿಡಿಸುವಾಗ, ಪಳಗಿದ ಕೇಂದ್ರಗಳಲ್ಲಿಯೂ ನೂರರಲ್ಲಿ ಒಬ್ಬಿಬ್ಬರಿಗೆ ಗಂಭೀರ ಅಪಾಯ ಆಗುತ್ತದೆ. ಸೋಂಕಿದ್ದರೆ ಆಯ್ಕೆಯೇ ಇಲ್ಲ, ತೆಗೆಯಲೇಬೇಕು. ಸೋಂಕಿಲ್ಲದಿದ್ದಾಗ ವಯಸ್ಸೇ ತೀರ್ಮಾನಿಸುತ್ತದೆ. ವಯೋವೃದ್ಧರಲ್ಲಿ ಬಿಟ್ಟುಬಿಡುವುದು ಸುರಕ್ಷಿತ. ಚಿಕ್ಕವರಲ್ಲಿ ಬಿಟ್ಟರೆ ಮುಂದೆ ಅದು ಇನ್ನಷ್ಟು ಬಿಗಿಯಾಗಿ ಅಂಟುತ್ತದೆ, ಅಭಿಧಮನಿ ಕಟ್ಟಿಕೊಳ್ಳುತ್ತದೆ, ಎಂಆರ್‌ಐ ಪರೀಕ್ಷೆಗೂ ತೊಡಕಾಗುತ್ತದೆ. ಹಾಗಾಗಿ ಅವರು ಲೀಡ್ ತೆಗೆಯುವುದರಲ್ಲೇ ಪರಿಣತಿ ಇರುವ ಕೇಂದ್ರದ ಅಭಿಪ್ರಾಯ ಪಡೆಯದೆ ಒಪ್ಪಿಗೆ ಕೊಡಬಾರದು.

ತಯಾರಕರು ಸಾಧನವನ್ನು ಹಿಂಪಡೆದಿದ್ದಾರೆಂಬ ಪತ್ರ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ‘ತಕ್ಷಣ ತೆಗೆಸಿಬಿಡೋಣ’ ಎಂದೇ. ಬ್ಯೋರ್ಕ್–ಶೈಲಿ ಎಂಬ ಯಾಂತ್ರಿಕ ಕವಾಟದ ಒಂದು ಮಾದರಿಯ ಲೋಹದ ಕಡ್ಡಿ ಮುರಿಯುತ್ತದೆಂದು ತಿಳಿದು 1986ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದಾಗ ಸುಮಾರು 86,000 ಕವಾಟಗಳು ಜನರ ಹೃದಯದಲ್ಲಿ ಸೇರಿಯಾಗಿತ್ತು. ಮುರಿದರೆ ಹೆಚ್ಚಿನವರು ಬದುಕುತ್ತಿರಲಿಲ್ಲ. ಆದರೂ ಕವಾಟದ ಅಳತೆ, ಅದು ತೆರೆದುಕೊಳ್ಳುವ ಕೋನ, ರೋಗಿಯ ವಯಸ್ಸು ಎಲ್ಲವನ್ನೂ ಲೆಕ್ಕಹಾಕಿದಾಗ ಹೆಚ್ಚಿನ ರೋಗಿಗಳಲ್ಲಿ ಮರುಶಸ್ತ್ರಚಿಕಿತ್ಸೆಯ ಅಪಾಯವೇ ಮುರಿಯುವ ಅಪಾಯಕ್ಕಿಂತ ದೊಡ್ಡದೆಂದು ಕಂಡಿತು, ಹೆಚ್ಚು ಅಪಾಯವಿದ್ದ ಗುಂಪಿಗೆ ಮಾತ್ರ ಬದಲಾಯಿಸಲು ಸೂಚಿಸಲಾಯಿತು. ಜಗತ್ತಿನಾದ್ಯಂತ ಸುಮಾರು 2,68,000 ಮಂದಿಗೆ ಅಳವಡಿಸಿದ್ದ ಸ್ಪ್ರಿಂಟ್ ಫಿಡೆಲಿಸ್ ಐಸಿಡಿ ಲೀಡ್ ಅನ್ನು 2007ರಲ್ಲಿ ನಿಲ್ಲಿಸಿದಾಗಲೂ ಸರಿಯಾಗಿ ಕೆಲಸ ಮಾಡುತ್ತಿದ್ದ ಲೀಡ್‌ಗಳನ್ನು ಮುಂಜಾಗ್ರತೆಯಾಗಿ ತೆಗೆಯಲು ಸಾಮಾನ್ಯವಾಗಿ ಸಲಹೆ ಕೊಡಲಿಲ್ಲ, ನಿಗಾ ಹೆಚ್ಚಿಸಿದರು.

ಅಂಥ ಪತ್ರ ಬಂದರೆ ವೈದ್ಯರ ಬಳಿ ಹೋಗುವಾಗ ಸಾಧನದ ಗುರುತಿನ ಕಾರ್ಡ್ ಕೈಯಲ್ಲಿರಲಿ. ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ಇಲ್ಲದೆ ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ನನ್ನ ಮಾದರಿಯಲ್ಲಿ ವೈಫಲ್ಯದ ಪ್ರಮಾಣ ವರ್ಷಕ್ಕೆ ಎಷ್ಟು, ತೆಗೆಯುವ ಅಪಾಯ ನನ್ನ ವಯಸ್ಸಿಗೆ ಎಷ್ಟು, ದೂರದಿಂದಲೇ ನಿಗಾ ಇಡುವ ವ್ಯವಸ್ಥೆಯಿಂದ ವೈಫಲ್ಯ ಮೊದಲೇ ತಿಳಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಯಾವ ದಿನಾಂಕಕ್ಕೂ ಒಪ್ಪಿಕೊಳ್ಳಬೇಡಿ.